ತಾನೇ ಮಿಂಚದವನು ಏನು ಕಲಿಸ್ತಾನೆ?

(ತುಮಕೂರಿನ ಓದುಗರೊಬ್ಬರು ಕೇಳಿದ್ದಾರೆ: ‘ಬೇಸ್‌ಬಾಲ್ ಕೋಚ್ ಟಾಮ್ ಹೌಸ್ ಬಗ್ಗೆ ಹೊಗಳಿ ಬರೆದಿದ್ದೀರಿ. ಎಂಟು ವರ್ಷ ಆಡಿ 29 ಪಂದ್ಯ ಗೆದ್ದ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವರು), ವೇಗಕ್ಕೆ ಹೆಸರಾದ ನೋಲನ್ ರಯನ್‌ನಂಥ ಪಿಚರ್‌ಗಳಿಗೆ ಏನು ಕಲಿಸಿರಲು ಸಾಧ್ಯ? ಬೌಲಿಂಗ್ ಕಲಿಯುತ್ತಿರುವ ನನ್ನ ಮಗನಿಗೂ, ಅವರು ಪಿಚರ್‌ಗಳಿಗೆ ಕೊಟ್ಟ ಹಾಗೆ, ಫುಟ್‌ಬಾಲ್ ಕೊಡಿಸಲಾ?’)

ಆತ್ಮೀಯರೇ,

ಮೊದಲು ಆ 29ರ ಲೆಕ್ಕ ನೋಡೋಣ. ಹೌಸ್ ಹೆಚ್ಚಾಗಿ ಆಡಿದ್ದು ರಿಲೀವರ್ ಆಗಿ. ಅಂದರೆ ಮೊದಲ ಪಿಚರ್ ದಣಿದ ಮೇಲೆ ಇಳಿಯುವವರು. ಅಂಥವರ ಖಾತೆಗೆ ಗೆಲುವು ಬೀಳುವುದೇ ಕಡಿಮೆ. 1974ರಲ್ಲಿ ಅಟ್ಲಾಂಟಾ ಬ್ರೇವ್ಸ್ ಪರ ಅವರು ಒಂಬತ್ತು ಇನಿಂಗ್ಸ್‌ಗೆ, ಅಂದರೆ ಒಂದು ಪೂರ್ತಿ ಪಂದ್ಯಕ್ಕೆ, ಬಿಟ್ಟುಕೊಟ್ಟದ್ದು ಸರಾಸರಿ ಎರಡಕ್ಕಿಂತ ಕಡಿಮೆ ರನ್. ಕಡಿಮೆ ಸಾಧನೆಯೇನಲ್ಲ. ಆದರೂ ಆ ವರ್ಷ ಜನಕ್ಕೆ ನೆನಪಿರುವುದು ಅವರು ಎಸೆದ ಚೆಂಡಲ್ಲ, ಹಿಡಿದ ಚೆಂಡು. ಏಪ್ರಿಲ್ 8ರಂದು ಅದೇ ತಂಡದ ಹ್ಯಾಂಕ್ ಆರನ್ 715ನೇ ಹೋಮ್ ರನ್ (ಬೇಲಿ ದಾಟಿಸುವ ಹೊಡೆತ) ಹೊಡೆದು ಬೇಬ್ ರೂತ್ ದಾಖಲೆ ಮುರಿದರು. ಬೇಲಿಯಾಚೆ ನಿಂತಿದ್ದ ಹೌಸ್ ಕೈಗೇ ಬಂದು ಬಿತ್ತು ಅದು. ಹಿಡಿದುಕೊಂಡು ಒಂದೇ ಓಟ, ಆರನ್ ಹತ್ತಿರ!

1985ರಲ್ಲಿ ಟೆಕ್ಸಾಸ್ ರೇಂಜರ್ಸ್‌ಗೆ ಪಿಚಿಂಗ್ ಕೋಚ್ ಆದರು. ಪಿಚರ್‌ಗಳ ಕೈಗೆ ಅಮೆರಿಕನ್ ಫುಟ್‌ಬಾಲ್ ಕೊಟ್ಟು ಎಸೆಯಲು ಹೇಳಿದರು. ನೋಡಿದವರು ನಕ್ಕರು. ಆ ಚೆಂಡು ಸುಲಿಯದ ತೆಂಗಿನಕಾಯಿಯ ಹಾಗೆ ಉದ್ದ. ಸೊಂಟ, ಭುಜ, ಕೈ ಒಂದರ ಹಿಂದೊಂದು ಸರಿಯಾಗಿ ತಿರುಗಿದರೆ ಬುಗುರಿಯಂತೆ ಸುತ್ತುತ್ತಾ ನೇರ ಹೋಗುತ್ತದೆ. ತಪ್ಪಿದರೆ ಗಾಳಿಯಲ್ಲೇ ಓಲಾಡುತ್ತದೆ. ತಪ್ಪನ್ನು ಕೋಚ್ ಹೇಳಬೇಕಿಲ್ಲ, ಚೆಂಡೇ ಹೇಳುತ್ತೆ.

1989ರಲ್ಲಿ ಆ ತಂಡಕ್ಕೆ ಬಂದಾಗ ರಯನ್‌ಗೆ 42. ಅವರೂ ಫುಟ್‌ಬಾಲ್ ಎಸೆದರು. 44ನೇ ವಯಸ್ಸಿನಲ್ಲಿ, ಎದುರಾಳಿಗೆ ಒಂದೇ ಒಂದು ‘ಹಿಟ್’ (ಚೆಂಡು ಹೊಡೆದು ಬೇಸ್ ತಲುಪುವುದು) ಕೂಡ ಕೊಡದ ಪಂದ್ಯ ಆಡಿದರು, ಅದು ಅವರ ಏಳನೆಯದು. ಅವರ ವೇಗ ಹೌಸ್ ಕೊಟ್ಟದ್ದಲ್ಲ, ಒಪ್ಪುತ್ತೇನೆ. ಆ ವಯಸ್ಸಲ್ಲೂ ತೋಳು ಕೈಕೊಡದಂತೆ ನೋಡಿಕೊಂಡದ್ದರಲ್ಲಿ ಹೌಸ್ ಪಾಲಿದೆ.

ನನಗೆ ಜಾಸ್ತಿ ಇಷ್ಟವಾದದ್ದು ರ‍್ಯಾಂಡಿ ಜಾನ್ಸನ್ ಕಥೆ. 6 ಅಡಿ 10 ಇಂಚಿನ ಎಡಗೈ ಪಿಚರ್. ಭಯಂಕರ ವೇಗ, ಚೆಂಡು ಮಾತ್ರ ಹೇಳಿದ ಕಡೆ ಹೋಗದು. 1992ರಲ್ಲಿ ಗುರಿ ತಪ್ಪಿ ಎಸೆದು 144 ಸಲ ಬ್ಯಾಟರ್‌ಗಳಿಗೆ, ಹೊಡೆಯದೆಯೇ, ಬಿಟ್ಟಿಯಾಗಿ ಮೊದಲ ಬೇಸ್ ಕೊಟ್ಟಿದ್ದರು. ಹೌಸ್ ನೋಡಿದ್ದು ಕೈಯನ್ನಲ್ಲ, ಕಾಲನ್ನು. ಎಸೆಯುವಾಗ ಮುಂದಿನ ಕಾಲಿನ ಹಿಮ್ಮಡಿ ಮೊದಲು ನೆಲಕ್ಕೆ ತಾಗುತ್ತಿತ್ತು, ಮೈ ಪಕ್ಕಕ್ಕೆ ತಿರುಗಿಬಿಡುತ್ತಿತ್ತು. ಪಾದದ ಮುಂಭಾಗ ಊರಿ ಅಂದರು. ಮರುವರ್ಷ 144 ಇದ್ದದ್ದು 99ಕ್ಕಿಳಿಯಿತು. ಗಮ್ಮತ್ತೆಂದರೆ, ಜಾನ್ಸನ್ ಆಡುತ್ತಿದ್ದದ್ದು ಎದುರಾಳಿ ತಂಡಕ್ಕೆ!

ಹಾಗಂತ ಹೌಸ್ ದೇವರೇನಲ್ಲ. ಆಡುವ ಕಾಲದಲ್ಲಿ ಸ್ಟೆರಾಯ್ಡ್ ತಗೊಂಡಿದ್ದೆ ಎಂದು 2005ರಲ್ಲಿ ತಾವೇ ಒಪ್ಪಿಕೊಂಡರು. 2008ರಲ್ಲಿ ಉತ್ತರ ಪ್ರದೇಶದ ಜಾವೆಲಿನ್ ಹುಡುಗರಾದ ರಿಂಕು ಸಿಂಗ್, ದಿನೇಶ್ ಪಟೇಲ್‌ರನ್ನು ಲಾಸ್ ಏಂಜಲೀಸ್‌ನಲ್ಲಿ ತಯಾರು ಮಾಡಿದವರೂ ಇವರೇ. ಬೇಸ್‌ಬಾಲ್ ಗೊತ್ತೇ ಇಲ್ಲದ ಇಬ್ಬರನ್ನೂ ಅದೇ ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ತಗೊಂಡಿತು. ಬೇಸ್‌ಬಾಲ್‌ನ ಅತ್ಯುನ್ನತ ಮಟ್ಟವಾದ ಮೇಜರ್ ಲೀಗ್‌ಗೆ ಮಾತ್ರ ಇಬ್ಬರೂ ತಲುಪಲಿಲ್ಲ.

ಇನ್ನು ನಿಮ್ಮ ಮಗನಿಗೆ ಫುಟ್‌ಬಾಲ್ ಬೇಡ. ಅದನ್ನು ಎಸೆಯುವುದು ಮೊಣಕೈ ಮಡಿಸಿ. ಅದೇ ಅಭ್ಯಾಸವಾದರೆ ಅಂಪೈರ್ ನೋ ಬಾಲ್ ಅಂತಾರೆ, ಅಲ್ವಾ?

– ಸಂಪಾದಕ