ಸಾವನದುರ್ಗದ ಹಳೇ ಪ್ರಿಂಟ್: ಬರೆದವರನ್ನು ಹುಡುಕುವುದು ಹೇಗೆ

ನಮಸ್ಕಾರ ಸರ್. ತಾತನ ಪೆಟ್ಟಿಗೆಯಲ್ಲಿ ಸಿಕ್ಕ ಸಾವನದುರ್ಗದ ಪ್ರಿಂಟ್ ಕೆಳಗೆ 'ಆರ್. ಹೋಮ್' ಅಂತಿದೆ, ಎಷ್ಟು ಹುಡುಕಿದರೂ ಏನೂ ಸಿಗ್ತಿಲ್ಲ ಅಂತ ಕೇಳಿದ್ದೀರಿ. ನಾನೂ ಇದೇ ಹೋಮ್ ಬೆನ್ನು ಹತ್ತಿದವನು. ಉತ್ತರ ಸ್ವಲ್ಪ ಉದ್ದ ಆಗುತ್ತೆ.

ಇವರು ರಾಬರ್ಟ್ ಹೋಮ್ ಅನ್ನುವ ಬ್ರಿಟಿಷ್ ಚಿತ್ರಕಾರರು. 1791ರಲ್ಲಿ ಮದ್ರಾಸಿಗೆ ಬಂದರು. ಟಿಪ್ಪು ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸ್ ಸೈನ್ಯದ ಜೊತೆ ನಮ್ಮ ಕಡೆಯೆಲ್ಲ ಓಡಾಡಿದರು. ಆಗ ಬರೆದ ಮೈಸೂರು ಸೀಮೆಯ ನೋಟಗಳು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ನಿಮ್ಮ ಹಾಳೆ ಅದರಿಂದ ಬಿಡಿಸಿದ್ದೇ ಇರಬಹುದು.

ನಿಮಗೆ ಸಿಗದೇ ಇರೋದಕ್ಕೆ ಮುಖ್ಯ ಕಾರಣ ಸ್ಪೆಲ್ಲಿಂಗ್. ಲೈಬ್ರರಿ ಕ್ಯಾಟಲಾಗ್‌ಗಳಲ್ಲಿ ಚಿತ್ರದ ಮೇಲೆ ಅಂದು ಬರೆದ ಹೆಸರೇ ಇರುತ್ತೆ, ಇವತ್ತಿನದಲ್ಲ. ನಾವು ದುರ್ಗ ಅಂತ ಹುಡುಕುತ್ತೇವೆ, ಅವರು ಬರೆದಿದ್ದು 'ಡ್ರೂಗ್': ಡಿ, ಆರ್, ಎರಡು ಓ, ಜಿ. ಸಾವನದುರ್ಗ ಅವರಿಗೆ ಸಾವೆನ್‌ಡ್ರೂಗ್, ನಂದಿದುರ್ಗ ನಂಡಿಡ್ರೂಗ್, ಶ್ರೀರಂಗಪಟ್ಟಣ ಸೆರಿಂಗಪಟಮ್. ನಾನು ವಾರಗಟ್ಟಲೆ ಇವತ್ತಿನ ಹೆಸರು ಹಾಕಿ ಹುಡುಕಿ ಕೈಚೆಲ್ಲಿದ್ದೆ. ಎರಡು ಓ ಹಾಕಿದ ದಿನ ಪರದೆ ತುಂಬ ನಮ್ಮ ಬೆಟ್ಟಗಳು. ಆ ಖುಷಿ ಇನ್ನೂ ಮರೆತಿಲ್ಲ. ಹಳೇ ಹೆಸರುಗಳ ಒಂದು ಪಟ್ಟಿ ಮಾಡಿಟ್ಟುಕೊಳ್ಳಿ, ಒಂದೊಂದಕ್ಕೂ ಮೂರ್ನಾಲ್ಕು ರೂಪ ಇರಲಿ.

ಹುಡುಕೋ ಮೊದಲು ಕೈಯಲ್ಲಿರೋ ಹಾಳೆಯನ್ನೇ ಭೂತಗನ್ನಡಿ ಹಿಡಿದು ಓದಿ. ಚಿತ್ರದ ಕೆಳ ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರ ಇರುತ್ತೆ. ಹೆಸರಿನ ಮುಂದೆ 'ಪಿಂಕ್ಸ್ಟ್' ಅಂತಿದ್ದರೆ ಬಣ್ಣದಲ್ಲಿ ಬರೆದವರು, 'ಡೆಲ್ಟ್' ಅಂದರೆ ರೇಖೆಯಲ್ಲಿ ಬರೆದವರು, 'ಸ್ಕಲ್ಪ್' ಅಂದರೆ ತಾಮ್ರದ ತಗಡಿನ ಮೇಲೆ ಕೊರೆದವರು. ಕೊರೆದವರ ಹೆಸರನ್ನೂ ಬಿಡಬೇಡಿ. ಎಷ್ಟೋ ಸಲ ಚಿತ್ರಕಾರರ ಹೆಸರಲ್ಲಿ ಸಿಗದ್ದು ಅವರ ಹೆಸರಲ್ಲಿ ಸಿಗುತ್ತೆ. ಅದರ ಕೆಳಗೆ ಪ್ರಕಟಿಸಿದ ತಾರೀಕು ಇರುತ್ತೆ. 1735ರ ಬ್ರಿಟಿಷ್ ಕಾಯ್ದೆ ಪ್ರಕಾರ ತಗಡಿನ ಮೇಲೆ ತಾರೀಕು ಮತ್ತು ಮಾಲೀಕರ ಹೆಸರು ಹಾಕಲೇಬೇಕಿತ್ತು.

ಆದರೆ ಆ ತಾರೀಕು ತಗಡಿನದು, ಕಾಗದದ್ದಲ್ಲ. ಅದೇ ತಗಡಿನಿಂದ ಎಷ್ಟೋ ವರ್ಷ ಕಳೆದು ಮತ್ತೆ ಅಚ್ಚು ಹಾಕುತ್ತಿದ್ದರು. ಹಾಳೆಯನ್ನು ಬೆಳಕಿಗೆ ಹಿಡಿದರೆ ಕಾಗದದೊಳಗೆ 'ಜೆ ವಾಟ್‌ಮನ್' ಅಂತ ಕಾಗದ ತಯಾರಿಸಿದವರ ಹೆಸರು, ಪಕ್ಕದಲ್ಲೇ ಇಸವಿ ಕಾಣಬಹುದು. ಆ ಇಸವಿ ಪ್ರಕಟಣೆಗಿಂತ ತೀರಾ ಈಚಿನದಾದರೆ ನಿಮ್ಮದು ಮರುಮುದ್ರಣ.

ಇನ್ನು ಸಂಗ್ರಹಗಳು. ಅಮೆರಿಕದ ಯೇಲ್ ಸೆಂಟರ್ ಫಾರ್ ಬ್ರಿಟಿಷ್ ಆರ್ಟ್‌ನಿಂದ ಶುರು ಮಾಡಿ. ಹಕ್ಕು ಮುಗಿದ ಹಳೇ ಚಿತ್ರಗಳ ದೊಡ್ಡ ಫೋಟೋಗಳು ಬಿಟ್ಟಿಯಾಗಿ ಸಿಗುತ್ತವೆ, ನಿಮ್ಮ ಹಾಳೆ ಪಕ್ಕ ಇಟ್ಟು ಹೋಲಿಸಬಹುದು. ತೈಲಚಿತ್ರ ಬ್ರಿಟನ್ನಿನ ಯಾವ ಮ್ಯೂಸಿಯಂನಲ್ಲಿದೆ ಅಂತ ತಿಳಿಯೋಕೆ ಆರ್ಟ್ ಯುಕೆ ಅನ್ನುವ ವೆಬ್‌ಸೈಟ್ ನೋಡಿ. ಟಿಪ್ಪು ಮಕ್ಕಳನ್ನು ಕಾರ್ನ್‌ವಾಲಿಸ್ ಒತ್ತೆಯಾಗಿ ಪಡೆಯುವ ಹೋಮ್ ಚಿತ್ರ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ. ಲಂಡನ್ನಿನ ಕಲಾ ಸಂಸ್ಥೆ ರಾಯಲ್ ಅಕಾಡೆಮಿಯ ಪ್ರದರ್ಶನಗಳಿಗೆ ಗ್ರೇವ್ಸ್ ಅನ್ನುವವರು ಮಾಡಿದ 8 ಸಂಪುಟದ ಪಟ್ಟಿ ನೋಡಿ. 1769ರಿಂದ 1904ರವರೆಗೆ ಯಾರು, ಯಾವ ವರ್ಷ, ಯಾವ ಚಿತ್ರ ಇಟ್ಟರು ಅಂತ ಅದರಲ್ಲಿದೆ, ಅವರ ವಿಳಾಸದ ಜೊತೆಗೆ. ವಿಳಾಸ ತುಂಬಾ ಮುಖ್ಯ. ಒಂದೇ ಹೆಸರಿನ ಇಬ್ಬರು ಕಲಾವಿದರನ್ನು ಬೇರೆ ಮಾಡೋಕೆ ಅದೇ ದಾರಿ.

ಕಾಗದಪತ್ರಕ್ಕೆ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹಕ್ಕೇ ಹೋಗಬೇಕು. ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ದಫ್ತರ ಬೇರೆ, ಖಾಸಗಿ ಪತ್ರಗಳು ಬೇರೆ, ಚಿತ್ರಗಳು ಬೇರೆ. ಒಂದು ಕಡೆ ಇಲ್ಲ ಅಂದಮಾತ್ರಕ್ಕೆ ಬಿಡಬೇಡಿ. ಹೋಮ್ ಮುಂದೆ ಕಲ್ಕತ್ತೆಗೆ, ಆಮೇಲೆ ಲಖನೌ ನವಾಬರ ಆಸ್ಥಾನಕ್ಕೆ ಹೋದರು. 1834ರಲ್ಲಿ ಕಾನ್ಪುರದಲ್ಲಿ ತೀರಿಕೊಂಡರು. ಕಲ್ಕತ್ತೆಯಲ್ಲಿ ಯಾರ್ಯಾರ ಭಾವಚಿತ್ರ ಬರೆದರು ಅಂತ ಅವರೇ ಇಟ್ಟ ಲೆಕ್ಕದ ಪುಸ್ತಕ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ನನಗೆ ಜೀವನಚರಿತ್ರೆಗಿಂತ ಇಂಥ ಲೆಕ್ಕದ ಪುಸ್ತಕಗಳೇ ಜಾಸ್ತಿ ಇಷ್ಟ. ದುಡಿದು ಉಣ್ಣುವ ಒಬ್ಬ ಮನುಷ್ಯ ಕಣ್ಣಮುಂದೆ ನಿಲ್ಲುತ್ತಾನೆ.

ಈ ಲೈಬ್ರರಿ, ಮ್ಯೂಸಿಯಂನವರಿಗೆ ಮೇಲ್ ಬರೆಯುವಾಗ 'ಹೋಮ್ ಬಗ್ಗೆ ಇರೋದೆಲ್ಲ ಕಳಿಸಿ' ಅಂತ ಸುಮ್ನೆ ಕೇಳಬೇಡಿ. ಕ್ಯಾಟಲಾಗ್ ನಂಬರ್ ಹಾಕಿ, ಒಂದೇ ಪ್ರಶ್ನೆ ಕೇಳಿ.

ಫ್ರೇಮ್ ಹಿಂದೆ ಅಂಗಡಿ ಚೀಟಿ ಇದ್ದರೆ ಕೀಳಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಲೂ ಬೇಡಿ. ಕಟ್ಟು ಹಾಕಿದವರ ಹೆಸರಿಂದಲೂ ಕಾಲ ಗೊತ್ತಾಗುತ್ತೆ. ಮೊದಲು ಕೆಳ ಅಂಚಿನದೊಂದು, ಹಿಂಬದಿಯದೊಂದು ಫೋಟೋ ಹಗಲು ಬೆಳಕಿನಲ್ಲಿ ತೆಗೆದು ಇಲ್ಲೇ ಹಾಕಿ. ಕೊರೆದವರ ಹೆಸರನ್ನು ನಾನೂ ಓದಿ ನೋಡುತ್ತೇನೆ.