ಮುಂಬೈಯಲ್ಲಿ ಮಟನ್ ಅಂಗಡಿಯವರು ಹಿಂದಿನ ಕೋಣೆಯಲ್ಲೇ ಆಡು ಕಡಿಯಬಹುದಾ?

ಇಲ್ಲ. ಚೆಂಬೂರಿನಲ್ಲಿ ಖಾನಾವಳಿ ತೆರೆಯುವ ಮೊದಲೇ ನೀವು ಇದನ್ನು ಕೇಳಿದ್ದು ಒಳ್ಳೆಯದಾಯ್ತು. ಮಾಂಸ ಮಾರುವ ಲೈಸೆನ್ಸ್ ಇದ್ದ ಮಾತ್ರಕ್ಕೆ ಅಲ್ಲೇ ಕಡಿಯಲು ಅನುಮತಿ ಇದೆ ಅಂತಲ್ಲ. 2001ರ ಕೇಂದ್ರ ನಿಯಮದಂತೆ ಪರವಾನಗಿ ಇರುವ ಕಸಾಯಿಖಾನೆಯಲ್ಲೇ ಕಡಿಯಬೇಕು. ಮುಂಬೈಗೆ ಮುಖ್ಯವಾದದ್ದು ಪಾಲಿಕೆ ನಡೆಸುವ ದೇವನಾರ್.

ತಪಾಸಣೆ ಎರಡು ಸಲ ಆಗಬೇಕು. ಮೊದಲು ಪಶುವೈದ್ಯರು ಜೀವಂತ ಆಡನ್ನು ನೋಡುತ್ತಾರೆ: ಜ್ವರ ಇದೆಯಾ, ಕುಂಟುತ್ತಿದೆಯಾ, ಮೂಗು ಸೋರುತ್ತಿದೆಯಾ. ಗಬ್ಬದ ಆಡನ್ನು, ಮೂರು ತಿಂಗಳೊಳಗಿನ ಮರಿಯನ್ನು ಕಡಿಯುವಂತಿಲ್ಲ. ಒಬ್ಬ ವೈದ್ಯರು ಗಂಟೆಗೆ 12, ದಿನಕ್ಕೆ 96ಕ್ಕಿಂತ ಜಾಸ್ತಿ ಪ್ರಾಣಿ ನೋಡಬಾರದು ಅಂತಲೂ ನಿಯಮವಿದೆ. ನನಗೆ ಇದೇ ಬಹಳ ಮುಖ್ಯ ಅನಿಸುತ್ತದೆ. ಸುಮ್ನೆ ಕಣ್ಣಾಡಿಸಿ ಕಳಿಸಿದರೆ ಅದು ತಪಾಸಣೆ ಆಗೋದಿಲ್ಲ, ಅಲ್ವಾ?

ಕಡಿದ ಮೇಲೆ ಲಿವರ್, ಶ್ವಾಸಕೋಶ, ಗ್ರಂಥಿಗಳನ್ನು ನೋಡುತ್ತಾರೆ. ಲಿವರಿನಲ್ಲಿ ನೀರು ತುಂಬಿದ ಗುಳ್ಳೆಗಳಿದ್ದರೆ ಅದನ್ನು ಮಾರಾಟಕ್ಕೆ ಬಿಡುವುದಿಲ್ಲ. ಎಲ್ಲ ಸರಿಯಿದ್ದರೆ ಮಾಂಸದ ಮೇಲೆ ಮುದ್ರೆ ಬೀಳುತ್ತದೆ.

ಅಂಗಡಿಯಲ್ಲಿ ಇಡೀ ಆಡು ತೂಗುಹಾಕಿರುವಾಗಲೇ ಆ ಮುದ್ರೆ ಹುಡುಕಿ, ತುಂಡು ಮಾಡಿದ ಮೇಲೆ ಕಾಣುವುದಿಲ್ಲ. ಪ್ರತಿ ಸಲ ಬಿಲ್ ಕೇಳಿ ತೆಗೆದಿಡಿ. ಬಿಲ್ ಕೊಡದವರ ಹತ್ತಿರ ಖಾನಾವಳಿಗೆ ಮಾಂಸ ತರಬೇಡಿ.