ಮೇಷ್ಟ್ರ ಉತ್ತರ: ಒಂದೂ ಸೋಲದ ತಂಡಕ್ಕೆ ಫೈನಲ್ ಯಾಕಿಲ್ಲ?

ಪ್ರಶ್ನೆ: ಮೇಷ್ಟ್ರಿಗೆ ನಮಸ್ಕಾರ. ನನ್ನ ಮಗ ಅಮೆರಿಕದ ಓರ್ಲಾಂಡೋದಲ್ಲಿ, ಸೆಂಟ್ರಲ್ ಫ್ಲಾರಿಡಾ ಯೂನಿವರ್ಸಿಟಿಯಲ್ಲಿ ಎಂ.ಎಸ್. ಓದುತ್ತಿದ್ದಾನೆ. ರಜಕ್ಕೆ ಬಂದವನು ಒಂದೇ ಸಮನೆ ಹೇಳುತ್ತಾನೆ: 2017ರಲ್ಲಿ ಅವರ ಫುಟ್‌ಬಾಲ್ ತಂಡ ಒಂದೂ ಮ್ಯಾಚ್ ಸೋಲಲಿಲ್ಲವಂತೆ, ಆದರೂ ಚಾಂಪಿಯನ್‌ಷಿಪ್‌ಗೆ ಕರೆಯಲಿಲ್ಲವಂತೆ, ನಿಜವಾದ ಚಾಂಪಿಯನ್ ಅವರೇ ಅಂತೆ. ಅಲ್ಲೇ ಕೆಲವು ವರ್ಷ ಇದ್ದು ಬಂದ ನಮ್ಮ ಅಳಿಯಂದಿರು "ಸಣ್ಣಪುಟ್ಟ ಟೀಮ್ ಹೊಡೆದಿದ್ದಕ್ಕೆಲ್ಲ ಕಪ್ ಕೊಡ್ತಾರೇನೋ?" ಎಂದು ನಗುತ್ತಾರೆ. ಊಟಕ್ಕೆ ಕೂತರೆ ಇದೇ ಜಗಳ. ನ್ಯಾಯ ಯಾರ ಕಡೆಗಿದೆ?
— ಒಬ್ಬ ತಾಯಿ, ಚಿಂತಾಮಣಿ

ಉತ್ತರ: ಅಳಿಯಂದಿರ ಎದುರು ನನ್ನನ್ನು ಸಾಕ್ಷಿ ಹೇಳಲು ನಿಲ್ಲಿಸಿದ್ದೀರಲ್ಲ ತಾಯಿ! ಇರಲಿ. ಮುಕ್ಕಾಲು ಪಾಲು ನ್ಯಾಯ ಮಗನ ಕಡೆಗಿದೆ. ಉಳಿದ ಕಾಲು ಪಾಲನ್ನು ಅಳಿಯಂದಿರಿಗೆ ಕೊಡಲೇಬೇಕು.

ಇದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ಮೇಲ್ದರ್ಜೆಯಲ್ಲಿ ಸುಮಾರು 130 ಕಾಲೇಜು ತಂಡಗಳಿವೆ. ಒಂದೊಂದಕ್ಕೂ ಸೀಸನ್‌ಗೆ 12ರಷ್ಟು ಮ್ಯಾಚು ಮಾತ್ರ, ಹಾಗಾಗಿ ಎಲ್ಲರೂ ಎಲ್ಲರೊಂದಿಗೆ ಆಡುವುದು ಸಾಧ್ಯವೇ ಇಲ್ಲ. ತಂಡಗಳನ್ನು ಕಾನ್ಫರೆನ್ಸ್ ಎಂಬ ಗುಂಪುಗಳಾಗಿ ಹಂಚಿದ್ದಾರೆ. ಆಗ ಐದು ಗುಂಪು ದೊಡ್ಡವು, ದುಡ್ಡಿನವು, ಮಿಕ್ಕವು ಸಣ್ಣವು. 2014ರಿಂದ 13 ಜನರ ಸಮಿತಿಯೊಂದು ಕೋಣೆಯಲ್ಲಿ ಕೂತು ನಾಲ್ಕು ತಂಡಗಳನ್ನು ಆರಿಸಿ ಸೆಮಿಫೈನಲ್‌ಗೆ ಕಳಿಸುತ್ತಿತ್ತು. ಪಾಯಿಂಟ್ಸ್ ಟೇಬಲ್ ಇಲ್ಲ. ಯಾರು 'ಬಲಿಷ್ಠ' ಎಂದು ಸಮಿತಿಗೆ ತೋರುತ್ತದೋ ಅವರೇ. ನನಗೆ ತಕರಾರಿರುವುದು ಇಲ್ಲೇ.

ನಿಮ್ಮ ಮಗನ ಕಾಲೇಜು 2015ರಲ್ಲಿ ಆಡಿದ ಹನ್ನೆರಡಕ್ಕೆ ಹನ್ನೆರಡೂ ಸೋತಿತ್ತು. ಎರಡೇ ವರ್ಷಕ್ಕೆ ಆಡಿದ್ದನ್ನೆಲ್ಲ ಗೆದ್ದಿತು. ದೊಡ್ಡ ಗುಂಪಿನ ಮೇರಿಲ್ಯಾಂಡ್ ತಂಡವನ್ನು ಅವರೂರಿಗೇ ಹೋಗಿ 38–10ರಲ್ಲಿ ಹೊಡೆಯಿತು. ಇನ್ನೊಂದು ದೊಡ್ಡ ಗುಂಪಿನ ಜಾರ್ಜಿಯಾ ಟೆಕ್ ಜೊತೆಗಿದ್ದ ಮ್ಯಾಚು ಇರ್ಮಾ ಚಂಡಮಾರುತದಿಂದ ರದ್ದಾಯಿತು. ಆಡಬೇಕಿದ್ದ ದೊಡ್ಡ ಮ್ಯಾಚನ್ನು ಗಾಳಿ ಹೊತ್ತೊಯ್ದರೆ ಹುಡುಗರು ಏನು ಮಾಡಬೇಕು? ಸಮಿತಿ ಕೊನೆಗೆ ಕೊಟ್ಟ ಸ್ಥಾನ 12ನೆಯದು. ಒಳಹೋದ ನಾಲ್ವರಲ್ಲಿ ಅಲಬಾಮಾ ತನ್ನ ಗುಂಪಿನ ಚಾಂಪಿಯನ್ ಕೂಡ ಆಗಿರಲಿಲ್ಲ.

2018ರ ಜನವರಿ 1ರಂದು ಅಟ್ಲಾಂಟಾದಲ್ಲಿ ಪೀಚ್ ಬೌಲ್ ಎಂಬ ಪಂದ್ಯ. ಎದುರಾಳಿ ಆಬರ್ನ್. ಆ ಆಬರ್ನ್ ನವೆಂಬರ್‌ನಲ್ಲಷ್ಟೇ ಜಾರ್ಜಿಯಾವನ್ನೂ ಅಲಬಾಮಾವನ್ನೂ ಸೋಲಿಸಿತ್ತು. ಮಗನ ಕಾಲೇಜು 34–27ರಲ್ಲಿ ಗೆದ್ದು ಲೆಕ್ಕ 13–0 ಮಾಡಿಕೊಂಡಿತು. ಒಂದು ವಾರ ಕಳೆದು ಅದೇ ಕ್ರೀಡಾಂಗಣದಲ್ಲಿ ಫೈನಲ್ ಆಡಿದವರು ಯಾರು? ಅದೇ ಅಲಬಾಮಾ, ಅದೇ ಜಾರ್ಜಿಯಾ. ಅಲಬಾಮಾ 26–23ರಲ್ಲಿ ಗೆದ್ದಿತು. ಮಗನಿಗೆ ಹೊಟ್ಟೆ ಉರಿಯುವುದು ಸಹಜ.

ಈಗ ಅಳಿಯಂದಿರ ಕಾಲು ಪಾಲು. "ನಾವು ಆಬರ್ನನ್ನು ಸೋಲಿಸಿದೆವು, ಆಬರ್ನ್ ಅಲಬಾಮಾವನ್ನು ಸೋಲಿಸಿತು, ಆದ್ದರಿಂದ ನಾವೇ ಚಾಂಪಿಯನ್" ಎನ್ನುವ ಲೆಕ್ಕ ನಿಲ್ಲುವುದಿಲ್ಲ. ಅದೇ ವರ್ಷ ಆಬರ್ನನ್ನು ಎಲ್‌ಎಸ್‌ಯು ಸೋಲಿಸಿತ್ತು. ಆ ಎಲ್‌ಎಸ್‌ಯು ಟ್ರಾಯ್ ಎಂಬ ಸಣ್ಣ ತಂಡವನ್ನು ತನ್ನೂರಿಗೆ ಕರೆಸಿಕೊಂಡು 24–21ರಲ್ಲಿ ಸೋತಿತ್ತು. ಆ ಟ್ರಾಯನ್ನು ಸೌತ್ ಅಲಬಾಮಾ ಸೋಲಿಸಿತು, ಆ ಸೀಸನ್‌ನಲ್ಲಿ ಬರೀ ನಾಲ್ಕು ಗೆದ್ದು ಎಂಟು ಸೋತ ತಂಡ! ಈ ಸರಪಳಿ ಹಿಡಿದು ಹೊರಟರೆ ಕಪ್ಪನ್ನು ಅವರಿಗೆ ಕೊಡಬೇಕಾಗುತ್ತದೆ. ಹಾಗಾಗಿ ಓರ್ಲಾಂಡೋದವರು ತಾವೇ ಚಾಂಪಿಯನ್ ಎಂದು ಘೋಷಿಸಿಕೊಂಡು ಡಿಸ್ನಿ ವರ್ಲ್ಡ್‌ನಲ್ಲಿ ಮೆರವಣಿಗೆ ಹೊರಟದ್ದನ್ನು ನಾನು ಒಪ್ಪುವುದಿಲ್ಲ. (ಮೆರವಣಿಗೆ ಚೆನ್ನಾಗಿಯೇ ಇತ್ತು ಬಿಡಿ.) ಅವರಿಗೆ ಸಲ್ಲಬೇಕಾಗಿದ್ದು ಆಡುವ ಅವಕಾಶ. ಕಪ್ಪನ್ನು ಮೈದಾನದಲ್ಲೇ ಗೆಲ್ಲಬೇಕಿತ್ತು.

"ಸಣ್ಣಪುಟ್ಟ ಟೀಮ್" ಎಂಬ ಮಾತಿಗೆ ಬರೋಣ. ಎದುರಾಳಿಗಳು ಕಡಿಮೆ ಬಲದವರು ಎನ್ನುವುದು ಸುಳ್ಳಲ್ಲ. ಆದರೆ ಬಲವಾದವರು ಇವರ ಜೊತೆ ಆಡಲು ಬರಬೇಕಲ್ಲ? ದೊಡ್ಡ ಕಾಲೇಜುಗಳು ಸಣ್ಣವನ್ನು ದುಡ್ಡು ಕೊಟ್ಟು ತಮ್ಮ ಮೈದಾನಕ್ಕೆ ಕರೆಸುತ್ತವೆ, ಹೊಡೆದು ಕಳಿಸುತ್ತವೆ. ತಾವು ಅವರೂರಿಗೆ ಹೋಗುವುದು ಅಪರೂಪ. ಸೋತರೆ ಮಾನ ಹೋಗುತ್ತದೆ, ಗೆದ್ದರೆ ಹೊಸದೇನೂ ಬರುವುದಿಲ್ಲ. ಆಡಲು ತಾವೇ ಒಪ್ಪದೆ, ಆಮೇಲೆ "ನೀವು ಯಾರ ಜೊತೆ ಆಡಿದ್ದೀರಿ?" ಎಂದು ಕೇಳಿದರೆ ಏನು ಹೇಳಬೇಕು?

ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಅಂತರ ಕಾಲೇಜು ಕಬಡ್ಡಿ ನಡೆಸುವಾಗ ನಾವು ಪಿ.ಟಿ. ಮೇಷ್ಟ್ರುಗಳು ಮಾಡುತ್ತಿದ್ದುದು ಇಷ್ಟೇ. ಕಾಲೇಜುಗಳ ಹೆಸರು ಬರೆದ ಚೀಟಿ ಮಡಚಿ ಯಾರದೋ ಟೋಪಿಗೆ ಹಾಕುವುದು, ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದ ಹುಡುಗನನ್ನು ಕೂಗಿ ಎತ್ತಿಸುವುದು. ಪಾವಗಡದ ಕಡೆಯಿಂದ ನಸುಕಿನ ಬಸ್ಸು ಹತ್ತಿ ಬಂದವರಿಗೆ ಒಮ್ಮೆ ಜೆರ್ಸಿ ಇರಲಿಲ್ಲ. ಬನಿಯನ್ ಬೆನ್ನಿಗೆ ಸ್ಕೆಚ್ ಪೆನ್ನಿನಲ್ಲಿ ನಂಬರ್ ಬರೆದ ಕಾಗದ, ನಾಲ್ಕು ಮೂಲೆಗೆ ಪಿನ್ನು. ಮೊದಲ ರೇಡ್‌ಗೇ ಕಾಗದ ಹರಿದು ಕೋರ್ಟಿನ ತುಂಬ ಹಾರಾಡಿತು. ಸ್ಕೋರರ್ ಗೊಣಗಿದ, ಆಟ ನಡೆಯಿತು. ಸಂಜೆ ಹೊತ್ತಿಗೆ ಅವರು ಸೆಮಿಫೈನಲ್‌ನಲ್ಲಿದ್ದರು. ನಿಮ್ಮ ತಾಲ್ಲೂಕಿನಲ್ಲಿ ಎಂಥವರನ್ನು ಸೋಲಿಸಿ ಬಂದಿರಿ ಎಂದು ಯಾರೂ ಕೇಳಲಿಲ್ಲ.

ರಣಜಿಯಲ್ಲೂ ಇದಕ್ಕೆ ಸಾಕ್ಷಿ ಇದೆ. 2010–11ರಲ್ಲಿ ರಾಜಸ್ಥಾನ ಇದ್ದದ್ದು ಕೆಳಗಿನ ಪ್ಲೇಟ್ ಗುಂಪಿನಲ್ಲಿ. ಅಲ್ಲಿ ಮುಂದೆ ಬಂದವರಿಗೆ ನಾಕೌಟ್ ಆಡಲು ದಾರಿ ಇಟ್ಟಿದ್ದರು, ಅವರು ಟ್ರೋಫಿಯನ್ನೇ ಎತ್ತಿದರು. ಇನ್ನು ವಿದರ್ಭ. 2017ರ ಡಿಸೆಂಬರ್‌ನಲ್ಲಿ ಕೋಲ್ಕತ್ತದ ಸೆಮಿಫೈನಲ್‌ನಲ್ಲಿ ನಮ್ಮ ಕರ್ನಾಟಕಕ್ಕೆ ಬೇಕಿದ್ದದ್ದು 198. ರಜನೀಶ್ ಗುರ್ಬಾನಿ ಏಳು ವಿಕೆಟ್ ಕಿತ್ತರು, ನಾವು 192ಕ್ಕೆ ಆಲೌಟ್, ಐದು ರನ್ ಸೋಲು. ಆ ದಿನ ನಮ್ಮ ಮನೆಯಲ್ಲಿ ರೇಡಿಯೊ ಆರಿಸಿದವನು ನಾನೇ. ಆ ವಿದರ್ಭ ಇಂದೋರ್‌ನಲ್ಲಿ ದೆಹಲಿಯನ್ನು ಸೋಲಿಸಿ ಮೊದಲ ಸಲ ರಣಜಿ ಗೆದ್ದದ್ದು ಯಾವತ್ತು ಗೊತ್ತೆ ತಾಯಿ? 2018ರ ಜನವರಿ 1. ನಿಮ್ಮ ಮಗನ ಕಾಲೇಜು ಅಟ್ಲಾಂಟಾದಲ್ಲಿ ಗೆದ್ದ ಅದೇ ದಿನ! ವಿದರ್ಭದ ಯೋಗ್ಯತೆಯನ್ನು ಸಮಿತಿಯೊಂದು ಕೋಣೆಯಲ್ಲಿ ಕೂತು ತೂಗಿದ್ದರೆ ಸೆಮಿಫೈನಲ್‌ಗೆ ನಮ್ಮನ್ನೇ ಕರೆಯುತ್ತಿತ್ತೇ ಹೊರತು ಅವರನ್ನಲ್ಲ.

"ಅವಕಾಶ ಕೊಟ್ಟಾಗ ಏನಾಯಿತು?" ಎಂದು ಅಳಿಯಂದಿರು ಕೇಳಿಯೇ ಕೇಳುತ್ತಾರೆ. 2021ರಲ್ಲಿ ಸಿನ್ಸಿನಾಟಿಯನ್ನು ಒಳಗೆ ಬಿಟ್ಟರು, ಅಲಬಾಮಾ ಎದುರು 27–6ರಲ್ಲಿ ಸೋತಿತು. 2024ರಿಂದ 12 ತಂಡಗಳಾಗಿ, ಸಣ್ಣ ಗುಂಪಿನವರೊಬ್ಬರಿಗಾದರೂ ಜಾಗ ಖಾತರಿಯಾಯಿತು. ಬೊಯ್ಸಿ ಸ್ಟೇಟ್ ಬಂದು ಪೆನ್ ಸ್ಟೇಟ್‌ಗೆ 31–14ರಲ್ಲಿ ಸೋತಿತು. ನಿಜ. ಆದರೆ 2022ರ ಸೀಸನ್ನಿನ ಫೈನಲ್‌ನಲ್ಲಿ ದೊಡ್ಡ ಗುಂಪಿನದೇ ಆದ ಟಿಸಿಯು, ಜಾರ್ಜಿಯಾ ಎದುರು 65–7ರಲ್ಲಿ ಮಣ್ಣು ಮುಕ್ಕಿತಲ್ಲ? ಅದಕ್ಕಾಗಿ ದೊಡ್ಡವರ ಬಾಗಿಲನ್ನು ಯಾರೂ ಮುಚ್ಚಲಿಲ್ಲ. ಸೋಲುವ ಹಕ್ಕೂ ಎಲ್ಲರಿಗೂ ಒಂದೇ ಅಳತೆಯಲ್ಲಿರಬೇಕು.

ಮಗನಿಗೆ ಒಂದು ಮಾತು ಹೇಳಿ: ಅವನ ಕಾಲೇಜು 2023ರಲ್ಲಿ ತಾನೇ ದೊಡ್ಡ ಗುಂಪಿಗೆ ಸೇರಿ, 2024ರಲ್ಲಿ ನಾಲ್ಕು ಗೆದ್ದು ಎಂಟು ಸೋತಿದೆ. ಅಳಿಯಂದಿರಿಗೆ ಇದು ಗೊತ್ತಿದ್ದರೆ ಮುಂದಿನ ಊಟಕ್ಕೆ ತಯಾರಾಗಿರಲಿ.

ಪ್ರಶ್ನೆ: ಸರ್, ನಮ್ಮದು ಹಳ್ಳಿ ಕಡೆಯ ಡಿಗ್ರಿ ಕಾಲೇಜು. ವಾಲಿಬಾಲ್‌ನಲ್ಲಿ ಸುತ್ತಲಿನ ಎಲ್ಲರನ್ನೂ ಸೋಲಿಸಿದ್ದೇವೆ. ಆದರೂ ಯೂನಿವರ್ಸಿಟಿ ಟೀಮಿಗೆ ಸಿಟಿ ಕಾಲೇಜಿನವರನ್ನೇ ತೆಗೆದುಕೊಳ್ಳುತ್ತಾರೆ ಎಂದು ಸೀನಿಯರ್‌ಗಳು ಹೆದರಿಸುತ್ತಾರೆ. ಹೋಗೋಣವೇ, ಬೇಡವೇ?
— ಒಬ್ಬ ವಿದ್ಯಾರ್ಥಿ, ಮುಳಬಾಗಿಲು

ಉತ್ತರ: ಹೋಗಪ್ಪ. ಹೋಗದವರನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಆದರೆ ಅದಕ್ಕೆ ಮುಂಚೆ ಕೋಲಾರದ ಯಾವುದಾದರೂ ಗಟ್ಟಿ ಟೀಮಿನ ಜೊತೆ ಎರಡು ಫ್ರೆಂಡ್ಲಿ ಆಡಿ, ಸೋತರೂ ಪರವಾಗಿಲ್ಲ. ಎತ್ತರದ ಬ್ಲಾಕರ್ ಎದುರು ನಿಮ್ಮ ಸ್ಮ್ಯಾಷ್ ದಾಟುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಎಲಿಜಿಬಿಲಿಟಿ ಫಾರ್ಮಿಗೆ ಪ್ರಿನ್ಸಿಪಾಲರ ಸಹಿಯ ಜೊತೆ ಸೀಲೂ ಬಿದ್ದಿದೆಯೇ ನೋಡಿಕೊಳ್ಳಿ. ಸೀಲಿಲ್ಲದೆ ಬಂದು ಗ್ಯಾಲರಿಯಲ್ಲಿ ಕೂತು ವಾಪಸ್ ಹೋದ ಒಳ್ಳೆಯ ಆಟಗಾರರನ್ನು ಬೇಕಾದಷ್ಟು ನೋಡಿದ್ದೇನೆ.